ಬಿಸಿಲು ಬಂದಾಗ ಮಾತ್ರ ಸದ್ದು ಮಾಡುತ್ತಿದ್ದ ಕಂಪ್ಯೂಟರ್: ನನ್ನ ಅನುಭವ

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಸಾಗರ ಪೇಟೆಯ ಕಡೆ ಯಾರ ಮನೆಯ ಡೆಸ್ಕ್‌ಟಾಪ್ ಸದ್ದು ನಿಲ್ಲಿಸಿದರೂ ಸಿಗುವ ತೀರ್ಪು ಒಂದೇ: ಮದರ್‌ಬೋರ್ಡಿಗೆ ತೇವ ಹೊಡೆದಿದೆ, ಸೌಂಡ್ ಐಸಿ, ಎಂದರೆ ಸದ್ದಿನ ಚಿಪ್ಪು, ಹೋಗಿದೆ. ನಮ್ಮ ಮನೆಯ ಯಂತ್ರದ ವಿಷಯದಲ್ಲೂ ಮೂವರು ಬೇರೆಬೇರೆ ಬಾಯಿಂದ ಇದೇ ಮಾತನ್ನು ಹೇಳಿದರು. ಐಸಿ ಹೋಗಿರಲಿಲ್ಲ. ಅದನ್ನು ರುಜುವಾತುಪಡಿಸಲು ನನಗೆ ಹೆಚ್ಚುಕಡಿಮೆ ಐದು ವಾರ ಹಿಡಿಯಿತು. ಸರಿಯಾದ ದಾರಿಗೆ ಆದ ಖರ್ಚಿಗಿಂತ ತಪ್ಪು ದಾರಿಗಳಿಗೆ ಸುರಿದ ಹಣವೇ ನಾಲ್ಕೈದು ಪಟ್ಟು ಆಯಿತು.

ಯಂತ್ರ ಹಳೆಯದು: ಎಚ್61 ಚಿಪ್‌ಸೆಟ್‌ನ ಬೋರ್ಡು, ಅದರ ಮೇಲೆ ಎಎಲ್‌ಸಿ887 ಸೌಂಡ್ ಚಿಪ್. ಅಪ್ಪ ಪ್ರತಿ ಸಂಜೆ ತಾಳಮದ್ದಳೆಯ ಧ್ವನಿಮುದ್ರಣ ಕೇಳುವುದು ಅದರಲ್ಲಿಯೇ ಆದ್ದರಿಂದ ದೂರು ಬರಲು ಒಂದು ದಿನವೂ ಬೇಕಾಗಲಿಲ್ಲ. ನೀವೆಲ್ಲ ಮಾಡುವುದನ್ನು ನಾನೂ ಮಾಡಿದೆ. ಸ್ಪೀಕರಿನ ಪಿನ್ನಿನ ತುದಿಗೆ ಬೆರಳು ಮುಟ್ಟಿಸಿದಾಗ ಗುಂಯ್ ಎಂದಿತು, ಎಂದರೆ ಆಂಪ್ಲಿಫೈಯರ್ ಜೀವಂತವಾಗಿದೆ. ಸದ್ದು ಹೊರಡಬೇಕಾದ ಡೀಫಾಲ್ಟ್ ಸಾಧನ ಸ್ಪೀಕರ್ ಬಿಟ್ಟು ಮಾನಿಟರಿನ ಎಚ್‌ಡಿಎಂಐಗೆ ಹಾರಿರಲಿಲ್ಲ. ಹಾಡು ಹಾಕಿದರೆ ಸೌಂಡ್ ಸೆಟ್ಟಿಂಗಿನಲ್ಲಿ ಹಸಿರು ಗೆರೆಗಳು ಏರಿಳಿಯುತ್ತಿದ್ದವು, ಸ್ಪೀಕರ್ ಮಾತ್ರ ಮೌನವಾಗಿತ್ತು. ಸದ್ದು ತಯಾರಾಗುತ್ತಿದೆ, ಆದರೆ ಬೇರೆಲ್ಲಿಗೋ ಹೋಗುತ್ತಿದೆ ಎಂಬ ಸುಳಿವು ಅದರಲ್ಲಿಯೇ ಇತ್ತು. ನಾನು ಅದನ್ನು ಗಮನಿಸದೆ ಮೂರು ದಿನ ಡ್ರೈವರ್ ತೆಗೆಯುವುದು, ಹಾಕುವುದು ಇದರಲ್ಲಿಯೇ ಕಳೆದೆ.

ನಂತರ ಪೇಟೆಯ ಅಂಗಡಿಗೆ ಕೊಟ್ಟೆ. ಅಲ್ಲಿ ಫಾರ್ಮ್ಯಾಟ್ ಮಾಡಿ 500 ರೂಪಾಯಿ ತೆಗೆದುಕೊಂಡು, ಸದ್ದು ಬಾರದಿದ್ದಾಗ ಸುಮಾರು 4,000ಕ್ಕೆ ಬೋರ್ಡು ಬದಲಿಸಿಕೊಡುವುದಾಗಿ ಹೇಳಿದರು. ಫಾರ್ಮ್ಯಾಟ್ ಮಾಡಿದವರು ಸಾಮಾನ್ಯ ಡ್ರೈವರನ್ನಷ್ಟೇ ಹಾಕಿದ್ದರಿಂದ ರಿಯಲ್‌ಟೆಕ್‌ನ ನಿಯಂತ್ರಣ ಕಿಟಕಿಯೇ ಇಲ್ಲವಾಯಿತು. ಮುಂಭಾಗದ ಜಾಕಿನಲ್ಲಿ, ಎಂದರೆ ಪಿನ್ ಸಿಕ್ಕಿಸುವ ತೂತಿನಲ್ಲಿ, ಹೆಡ್‌ಫೋನ್ ಇದೆಯೇ ಎಂದು ಬೋರ್ಡು ಪತ್ತೆಹಚ್ಚುವುದನ್ನು ನಿಲ್ಲಿಸುವ ಆಯ್ಕೆ ಇರುವುದು ಆ ಕಿಟಕಿಯಲ್ಲಿ. ನೆರೆಮನೆಯವರ ಸಲಹೆಯಂತೆ 250 ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡು ತಂದೆ. ಸದ್ದೇನೋ ಬಂತು, ಆದರೆ ಮೌಸ್ ಅಲುಗಿದಾಗಲೆಲ್ಲ ಜಿರ್ರ್ ಎನ್ನುತ್ತಿತ್ತು. ಎರಡು ದಿನ ಕೇಳಿದ ಅಪ್ಪ, "ಮದ್ದಳೆ ಒಡೆದ ಹಾಗೆ ಕೇಳುತ್ತದೆ, ಇದು ಬೇಡ ಮಾರಾಯ" ಎಂದುಬಿಟ್ಟರು.

ತಿರುವು ಬಂದದ್ದು ಜುಲೈ ಕೊನೆಯ ಒಂದು ಮಧ್ಯಾಹ್ನ. ಹತ್ತು ಹನ್ನೆರಡು ದಿನ ಬಿಡದೆ ಹೊಯ್ದ ಮಳೆ ನಿಂತು ಕಿಟಕಿಯಿಂದ ಬಿಸಿಲು ಕ್ಯಾಬಿನೆಟ್ಟಿನ ಮೇಲೆ ಬಿದ್ದಿತ್ತು. ಬೋರ್ಡಿನ ಮೂಲ ಜಾಕಿಗೆ ಸಿಕ್ಕಿಸಿದ್ದ ಸ್ಪೀಕರ್ ತಾನಾಗಿಯೇ ಮಾತನಾಡಿತು. ಸುಮಾರು ಎರಡು ಗಂಟೆ ಸರಿಯಾಗಿದ್ದು, ಸಂಜೆ ಮೋಡ ಕವಿದ ಮೇಲೆ ಮತ್ತೆ ಮೌನವಾಯಿತು. ಸತ್ತ ಐಸಿ ಬಿಸಿಲಿಗೆ ಎದ್ದು ಕೂರುವುದಿಲ್ಲ. ಮರುದಿನ ಮಗಳ ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿಟ್ಟು ಮೊದಲು ಹಿಂಭಾಗದ ಜಾಕುಗಳಿಗೆ, ಬಳಿಕ ಚಿಪ್ಪಿನ ಸುತ್ತ ಹಿಡಿದೆ, ಏನೂ ಆಗಲಿಲ್ಲ. ಮುಂಭಾಗದ ಹೆಡ್‌ಫೋನ್ ಜಾಕಿಗೆ ಹಿಡಿದಾಗ, ಐದಾರು ನಿಮಿಷದಲ್ಲಿ, ಹಿಂಭಾಗಕ್ಕೆ ಸಿಕ್ಕಿಸಿದ ಸ್ಪೀಕರಿನಿಂದ ಭಾಗವತರ ಪದ ಕೇಳಿಸಿತು. ಆ ಕ್ಷಣದಲ್ಲಿ ನಾನು ಒಬ್ಬನೇ ಕುಳಿತು ನಕ್ಕೆನೆಂದು ಹೇಳಲು ಸಂಕೋಚವಿಲ್ಲ.

ಖಚಿತಪಡಿಸಿಕೊಳ್ಳಲು ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿದೆ. ಅದರಲ್ಲಿ ಸದ್ದು ಹೊಂದಿಸುವ ಆಲ್ಸಾಮಿಕ್ಸರಿಗೆ ಹೋಗಿ, ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರನ್ನು ಮುಚ್ಚುವ ಆಟೋ ಮ್ಯೂಟ್ ಎಂಬುದನ್ನು ನಿಲ್ಲಿಸಿದೊಡನೆ ಸ್ಪೀಕರ್ ಮಾತನಾಡಿತು. ಜಾಕ್ ಸೆನ್ಸ್ ಪರೀಕ್ಷೆಯ ಆದೇಶ ಕೊಟ್ಟಾಗ, ಮುಂಭಾಗದ ತೂತು ಖಾಲಿಯಿದ್ದರೂ, ಅಲ್ಲಿ ಹೆಡ್‌ಫೋನ್ ಇದೆ ಎಂಬ ಉತ್ತರ ಬಂತು. ಬಳಿಕ ಬೋರ್ಡಿನಿಂದ ಫ್ರಂಟ್ ಆಡಿಯೊ ಕೇಬಲನ್ನೇ ಕಿತ್ತೆ. ವಿಂಡೋಸಿನಲ್ಲಿಯೂ ಸದ್ದು ಸರಿಯಾಯಿತು. ಕಿತ್ತ ಕೇಬಲಿನ ತುದಿಯಲ್ಲಿ, ಹೆಡ್‌ಫೋನ್ ಇದೆಯೇ ಎಂದು ಬೋರ್ಡಿಗೆ ತಿಳಿಸುವ 7 ಮತ್ತು 10ನೆಯ ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟಾಗ, ಏನೂ ತೋರಿಸಬಾರದ ಜಾಗದಲ್ಲಿ ಕೆಲವು ನೂರು ಓಮ್ ತೋರಿಸಿತು. ಜಾಕಿನೊಳಗಿನ ಸಣ್ಣ ಸ್ವಿಚ್ಚು ತೇವಕ್ಕೆ ಸುಳ್ಳು ಹೇಳುತ್ತಿತ್ತು, ಬೋರ್ಡು ಅದನ್ನು ನಂಬಿ ಹಿಂಭಾಗವನ್ನು ಮುಚ್ಚುತ್ತಿತ್ತು.

ಕೇಬಲ್ ಕಿತ್ತೇ ಬಿಟ್ಟರಾಗದೇ ಎಂದು ಕೇಳಬಹುದು. ಮಗಳ ಹೆಡ್‌ಸೆಟ್ಟಿಗೆ ಮುಂಭಾಗವೇ ಬೇಕು, ಆದ್ದರಿಂದ ಆಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೊಳೆದರೆ ನಾಲ್ಕು ದಿನ ಸರಿಯಿದ್ದು ಮತ್ತೆ ಕೆಟ್ಟಿತು. ಜಾಕನ್ನು ಮುಂಭಾಗದ ಸಣ್ಣ ಬೋರ್ಡಿನಿಂದ ಬಿಡಿಸಿ ಒಡೆದು ನೋಡಿದಾಗ, ಸ್ವಿಚ್ಚಿನ ಎರಡು ಲೋಹದ ಎಲೆಗಳ ನಡುವೆ ಹಸಿರು ಕಿಲುಬು ಕಟ್ಟಿತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಐದು ಹೊಸ ಜಾಕು ತಂದೆ, ಒಂದಕ್ಕೆ ಹದಿನೈದು ರೂಪಾಯಿಯಿರಬೇಕು. ಮನೆಗೆ ಬಂದು ಬೆಸುಗೆ ಹಾಕಿದ ಮೇಲೆ, ಅವು ಪಿನ್ ಇಲ್ಲದಾಗ ಕೂಡಿಕೊಂಡಿದ್ದು ಪಿನ್ ಹಾಕಿದಾಗ ಬಿಡಿಸಿಕೊಳ್ಳುವ ಎಸಿ97 ಎಂಬ ಹಳೆಯ ಸೌಂಡ್ ಪದ್ಧತಿಯ ಬಗೆಯವು ಎಂದು ತಿಳಿಯಿತು. ಎಂದರೆ ಖಾಲಿಯಿದ್ದಾಗಲೂ ಕೂಡಿಕೊಂಡಿರುವ ರೋಗವನ್ನೇ ಹಣ ಕೊಟ್ಟು ತಂದಂತಾಯಿತು. ಕೊನೆಗೆ ಗುಜರಿಯಿಂದ 100 ರೂಪಾಯಿಗೆ ತಂದ ಕ್ಯಾಬಿನೆಟ್ಟಿನ ಮುಂಭಾಗದ ತುಂಡೇ ಕೆಲಸಕ್ಕೆ ಬಂತು.

ಹಳೆಯ ಎಸಿ97 ಬೋರ್ಡುಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ ಎಂಬುದನ್ನು ಬಂಧುಗಳ ಮನೆಯಲ್ಲಿ ಪೆಟ್ಟು ತಿಂದು ಕಲಿತೆ. ಅಲ್ಲಿ ಹಿಂಭಾಗದ ಸದ್ದು ಮುಂಭಾಗದ ಜಾಕನ್ನು ಹಾದು ಹಿಂದಿರುಗುವುದರಿಂದ, ಕೇಬಲ್ ಕಿತ್ತರೆ 5-6 ಮತ್ತು 9-10ನೆಯ ಪಿನ್ನುಗಳಿಗೆ ಅವನ್ನು ಕೂಡಿಸುವ ಜಂಪರ್ ಹಾಕಲೇಬೇಕು. ನಾನು ಜಾಣತನದಿಂದ ಕೇಬಲ್ ಕಿತ್ತು, ಇದ್ದ ಸದ್ದನ್ನೂ ಕಳೆದು, ಎರಡು ಸಂಜೆ ತಲೆ ಕೆರೆದುಕೊಂಡೆ.

ಗುಜರಿಯಿಂದ ತಂದ ಆ ಜಾಕು ಎರಡು ಮಳೆಗಾಲ ದಾಟಿದೆ. ಜೂನ್ ಮೊದಲ ವಾರದಲ್ಲಿ ಅದರೊಳಗೆ ನಾನು ಏನನ್ನು ಹಚ್ಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ತೆಂಗಿನೆಣ್ಣೆಯಲ್ಲ ಎಂದಷ್ಟೇ ಹೇಳಬಲ್ಲೆ, ಏಕೆಂದರೆ ಬೇರೊಂದು ಜಾಕಿಗೆ ಅದನ್ನೂ ಹಚ್ಚಿ ನೋಡಿ, ಡಿಸೆಂಬರಿನ ಚಳಿಗೆ ಒಳಗೇ ಹೆಪ್ಪುಗಟ್ಟಿದ್ದನ್ನು ಕಂಡಿದ್ದೇನೆ. ಬೋರ್ಡು ಬದಲಿಸಬೇಕೆಂದಿದ್ದ ಅಂಗಡಿಯವರೇ ಕಳೆದ ಆಗಸ್ಟಿನಲ್ಲಿ ಸದ್ದಿಲ್ಲದ ಎರಡು ಕ್ಯಾಬಿನೆಟ್ ಕಳಿಸಿದ್ದರು. ಒಂದಕ್ಕೆ ಇದೇ ರೋಗ. ಇನ್ನೊಂದರ ಚಿಪ್ಪು ನಿಜಕ್ಕೂ ಸುಟ್ಟಿತ್ತು, ಅದಕ್ಕೆ ಡ್ರಾಯರಿನಲ್ಲಿ ಬಿದ್ದಿದ್ದ ಆ ಯುಎಸ್‌ಬಿ ಕಾರ್ಡನ್ನೇ ಹಾಕಿ 150 ರೂಪಾಯಿ ವಸೂಲು ಮಾಡಿದೆ.