ಬ್ರಿಟನ್ನಿನ ಕೌಟುಂಬಿಕ ಹಿಂಸೆ ಕಾನೂನು: ಗಂಡು-ಹೆಣ್ಣೆಂಬ ಭೇದವಿಲ್ಲ, ವೀಸಾ ಭೇದವಿದೆ

ಕೌಟುಂಬಿಕ ಹಿಂಸೆ ಅಂದರೆ ಬ್ರಿಟನ್ನಿನಲ್ಲಿರುವ ಕನ್ನಡಿಗರಾದ ನಮಗೆ ಭಾರತದ 2005ರ ಕಾಯ್ದೆ ನೆನಪಾಗುತ್ತದೆ. ಅದರಡಿ ರಕ್ಷಣೆ ಕೇಳುವವರು ಹೆಂಗಸರೇ ಆಗಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹಾಗಿಲ್ಲ. ಇಲ್ಲಿನ 2021ರ ಡೊಮೆಸ್ಟಿಕ್ ಅಬ್ಯೂಸ್ ಆಕ್ಟ್, ನೊಂದವರು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಇಬ್ಬರಿಗೂ 16 ತುಂಬಿರಬೇಕು, ನಡುವೆ ಸಂಬಂಧ ಇರಬೇಕು, ಅಷ್ಟೇ. ಗಂಡ-ಹೆಂಡತಿ ಮಾತ್ರವಲ್ಲ, ಅತ್ತೆ, ಮಾವ, ಮೈದುನ, ಬೆಳೆದ ಮಗ, ಸೊಸೆ ಎಲ್ಲರೂ ಇದರೊಳಗೆ ಬರುತ್ತಾರೆ. ಮೊಮ್ಮಗುವನ್ನು ನೋಡಿಕೊಳ್ಳಲು ಬಂದು, ಮಗನ ಕೈಲೇ ಹೊಡೆಸಿಕೊಳ್ಳುವ ವಯಸ್ಸಾದ ತಾಯಿಗೂ ಇದೇ ಕಾನೂನು. ಮನೆಯೊಳಗಿನ ಹಿಂಸೆ ನೋಡುತ್ತಾ, ಕೇಳುತ್ತಾ ನಲುಗುವ ಮಕ್ಕಳನ್ನೂ ಅದು ನೊಂದವರೆಂದೇ ಎಣಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಇರುವವರಿಗೆ 2018ರ ಬೇರೆ ಕಾನೂನು ಇದೆ. ಅದು ಸಂಗಾತಿ ಮತ್ತು ಮಾಜಿ ಸಂಗಾತಿಯ ವಿಷಯಕ್ಕೆ ಮಾತ್ರ.

ಹೊಡೆತ ಬಿದ್ದರೆ ಮಾತ್ರ ಹಿಂಸೆ ಅಂದುಕೊಳ್ಳಬೇಡಿ. ಸಂಬಳದ ಕಾರ್ಡ್ ಕಿತ್ತುಕೊಳ್ಳುವುದು, ದಿನಾ ಫೋನ್ ತೆಗೆದು ನೋಡುವುದು, ಪಾಸ್‌ಪೋರ್ಟ್ ಬಚ್ಚಿಡುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ಇವೆಲ್ಲ ಮತ್ತೆ ಮತ್ತೆ ನಡೆದು ಬದುಕನ್ನೇ ಕಟ್ಟಿಹಾಕಿದರೆ ಅದು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2015ರಿಂದ ಅಪರಾಧ. ಗರಿಷ್ಠ 5 ವರ್ಷ ಜೈಲು. 2023ರ ಏಪ್ರಿಲ್‌ನಿಂದ, ಬೇರೆಯಾಗಿ ಬೇರೆ ಮನೆಯಲ್ಲಿದ್ದರೂ ಇದು ಅನ್ವಯಿಸುತ್ತದೆ.

ಕಾನೂನು ಎಲ್ಲರಿಗೂ ಒಂದೇ ಅಂದ ಮಾತ್ರಕ್ಕೆ ನೋವು ಸಮನಾಗಿ ಹಂಚಿದೆ ಎಂದಲ್ಲ. 2023ರ ಮಾರ್ಚ್‌ಗೆ ಮುಗಿದ ವರ್ಷದ ಸರ್ಕಾರಿ ಅಂದಾಜಿನಲ್ಲಿ ಸುಮಾರು 14 ಲಕ್ಷ ಹೆಂಗಸರು, 7.5 ಲಕ್ಷ ಗಂಡಸರು ಕೌಟುಂಬಿಕ ಹಿಂಸೆ ಅನುಭವಿಸಿದ್ದಾರೆ. ನೊಂದವರಲ್ಲಿ ಹೆಂಗಸರೇ ಜಾಸ್ತಿ ಎಂಬುದನ್ನು ಸರ್ಕಾರದ ಮಾರ್ಗಸೂಚಿ ಗಮನದಲ್ಲಿಡಬೇಕು ಎಂದು 2021ರ ಕಾಯ್ದೆಯೇ ಹೇಳುತ್ತದೆ. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಬಾಗಿಲು ಎಲ್ಲರಿಗೂ ತೆರೆದಿರಬೇಕು, ಜಾಸ್ತಿ ನೊಂದವರ ಕಡೆ ಗಮನವೂ ಜಾಸ್ತಿ ಇರಬೇಕು. ಏಳೂವರೆ ಲಕ್ಷ ಗಂಡಸರ ಬಗ್ಗೆ ನಕ್ಕು ಸುಮ್ಮನಾಗುವುದು ಕ್ರೌರ್ಯ. ಆ ಸಂಖ್ಯೆ ಹಿಡಿದು ಹೆಂಗಸರ ಬಾಯಿ ಮುಚ್ಚಿಸುವುದೂ ಕ್ರೌರ್ಯವೇ.

ಪೊಲೀಸರ ವಿಷಯದಲ್ಲಿ ನಮ್ಮವರು ಎಡವುವುದು ರಾಜಿಯಲ್ಲಿ. "ಹಿರಿಯರು ಕೂತು ಮಾತಾಡಿದ್ದೇವೆ, ಕಂಪ್ಲೇಂಟ್ ವಾಪಸ್ ತಗೋತೀವಿ" ಅಂದರೆ ಇಲ್ಲಿ ಕೇಸ್ ತಾನಾಗಿ ಮುಗಿಯುವುದಿಲ್ಲ. ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪೊಲೀಸರು ಮತ್ತು ಸರ್ಕಾರಿ ವಕೀಲರು. ಜಾಮೀನಿನ ಷರತ್ತಿನಲ್ಲಿ ಆರೋಪಿ ಮನೆಗೇ ಬರುವಂತಿಲ್ಲ ಎಂದು ಹಾಕಬಹುದು. ಕೇಸ್ ಬೇಡ, ರಕ್ಷಣೆ ಸಾಕು ಅನ್ನುವವರು ಫ್ಯಾಮಿಲಿ ಕೋರ್ಟಿನಲ್ಲಿ ನಾನ್-ಮೊಲೆಸ್ಟೇಶನ್ ಆರ್ಡರ್, ಅಂದರೆ ಪೀಡಿಸಬಾರದು ಎಂಬ ಆದೇಶ, ಕೇಳಬಹುದು. ಅರ್ಜಿಗೆ ಶುಲ್ಕವಿಲ್ಲ. ಆ ಆದೇಶ ಮುರಿದರೆ ಅದೇ ಒಂದು ಅಪರಾಧ. ಪೊಲೀಸರು ಬಂದಾಗ ಗಂಡನೋ ಮಗುವೋ ನಿಮ್ಮ ಮಾತನ್ನು ಅನುವಾದಿಸಲು ಬಿಡಬೇಡಿ, ಕನ್ನಡ ದುಭಾಷಿ ಬೇಕು ಎಂದು ಕೇಳಿ. ಮಾತಾಡಲು ಆಗದ ಸ್ಥಿತಿಯಲ್ಲಿ ಮೊಬೈಲಿನಿಂದ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಕೇಳಿದಾಗ 55 ಒತ್ತಿ.

ಇನ್ನು ವೀಸಾ. ನನ್ನ ಮಟ್ಟಿಗೆ ನಿಜವಾದ ಅನ್ಯಾಯ ಇರುವುದು ಇಲ್ಲಿ. "ಬಾಯಿ ಬಿಟ್ಟರೆ ವಾಪಸ್ ಕಳಿಸ್ತೀನಿ" ಎಂಬ ಬೆದರಿಕೆ ನಡೆಯುವುದು ಡಿಪೆಂಡೆಂಟ್ ವೀಸಾದಿಂದ, ಅಂದರೆ ಸಂಗಾತಿಯ ವೀಸಾವನ್ನೇ ನೆಚ್ಚಿಕೊಂಡ ವೀಸಾದಿಂದ. ಐಟಿ ಕೆಲಸದವನ ಹೆಂಡತಿಗೂ ಅದೇ ಹೆದರಿಕೆ, ನರ್ಸ್ ಹೆಂಡತಿಯ ವೀಸಾ ಮೇಲೆ ಬಂದ ಗಂಡನಿಗೂ ಅದೇ. ಸಂಗಾತಿ ಬ್ರಿಟಿಷ್ ಪ್ರಜೆ ಅಥವಾ ಇಲ್ಲಿ ಕಾಯಂ ನೆಲೆಸಿದವರಾಗಿದ್ದು, ನೀವು ಅವರ ಪಾರ್ಟ್‌ನರ್ ವೀಸಾದಲ್ಲಿದ್ದರೆ, ಹಿಂಸೆಯಿಂದ ಸಂಬಂಧ ಮುರಿದ ಕಾರಣಕ್ಕೆ ನೀವೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕೈಯಲ್ಲಿ ಕಾಸಿಲ್ಲದಿದ್ದರೆ ಅದಕ್ಕೂ ಮೊದಲು 3 ತಿಂಗಳ ತಾತ್ಕಾಲಿಕ ಅನುಮತಿ ಸಿಗುತ್ತದೆ, ಸರ್ಕಾರದ ನೆರವೂ ಕೇಳಬಹುದು. 2024ರಿಂದ ಈ 3 ತಿಂಗಳ ಸೌಲಭ್ಯ ಕೆಲಸ ಮತ್ತು ಓದಿನ ವೀಸಾದವರ ಸಂಗಾತಿಗಳಿಗೂ ಇದೆ. ಆದರೆ ಅವರಿಗೆ ಈ ದಾರಿಯಲ್ಲಿ ಕಾಯಂ ವಾಸ ಇಲ್ಲ. 3 ತಿಂಗಳೊಳಗೆ ಬೇರೆ ವೀಸಾ ಹುಡುಕಬೇಕು, ಇಲ್ಲವೇ ಹೊರಡಬೇಕು. ಈ ಅನುಮತಿ ತೆಗೆದುಕೊಂಡರೆ ಕೈಯಲ್ಲಿರುವ ವೀಸಾ ಹೋಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುಂಚೆ ಇಮಿಗ್ರೇಶನ್ ವಕೀಲರ ಹತ್ತಿರ ಮಾತಾಡಲೇಬೇಕು. ಪೆಟ್ಟು ಒಂದೇ, ಪರಿಹಾರ ಮಾತ್ರ ಸಂಗಾತಿಯ ವೀಸಾ ನೋಡಿ ಬದಲಾಗುತ್ತದೆ. ಇದು ತಿದ್ದಬೇಕಾದ ನಿಯಮ.

ಸಹಾಯಕ್ಕೆ ಹೆಂಗಸರು ರೆಫ್ಯೂಜ್ ಸಂಸ್ಥೆಯ 0808 2000 247ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಗಂಡಸರಿಗೆ ಮೆನ್ಸ್ ಅಡ್ವೈಸ್ ಲೈನ್ ಇದೆ, 0808 801 0327. 1979ರಿಂದ ಕೆಲಸ ಮಾಡುತ್ತಿರುವ ಲಂಡನ್ನಿನ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಸ್ಥೆಗೆ ನಮ್ಮ ಕಡೆಯ ಮನೆಗಳ ಒಳಗುಟ್ಟು ಚೆನ್ನಾಗಿ ಗೊತ್ತು.

ರಜೆಗೆಂದು ಊರಿಗೆ ಕರೆತಂದು, ಪಾಸ್‌ಪೋರ್ಟ್ ಕಿತ್ತುಕೊಂಡು, ಅಲ್ಲೇ ಬಿಟ್ಟುಹೋದ ಹೆಣ್ಣುಮಕ್ಕಳ ಕಥೆ ನಮ್ಮಲ್ಲೂ ಇವೆ ಅಲ್ವಾ? ಪಾರ್ಟ್‌ನರ್ ವೀಸಾದಲ್ಲಿದ್ದು ಹೀಗೆ ಕೈಬಿಡಲ್ಪಟ್ಟವರು 2024ರ ಜನವರಿಯಿಂದ ಭಾರತದಲ್ಲಿದ್ದುಕೊಂಡೇ ಬ್ರಿಟನ್ನಿನ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್, ವೀಸಾ, ಮದುವೆ ಪತ್ರದ ಫೋಟೋಗಳನ್ನು ಈಗಲೇ ನಂಬಿಕೆಯ ಒಬ್ಬರಿಗೆ ಕಳಿಸಿಡಿ.