ಹಿಕ್ಕೆಗುಡ್ಡೆ ಹಿಡಿದು ಕೊಂಡುಕುರಿಯ ಲೆಕ್ಕ: ಜಗಳೂರು ಕಾಡಿನಲ್ಲಿ ನನ್ನ ಅನುಭವ

ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮದಲ್ಲಿ ಆ ಪ್ರಾಣಿಯ ಹಿಕ್ಕೆಗುಡ್ಡೆಗಳನ್ನು ಆಧಾರವಾಗಿಟ್ಟುಕೊಂಡು ಸಮೀಕ್ಷೆ ನಡೆಸುತ್ತೇನೆಂದು ನಾನು ಮೊದಲ ಸಲ ಹೇಳಿದಾಗ ಸಭೆಯಲ್ಲಿದ್ದವರಲ್ಲಿ ಒಬ್ಬರೂ ಒಪ್ಪಲಿಲ್ಲ. ಜಗಳೂರು ತಾಲ್ಲೂಕಿನಲ್ಲಿ ಕುರಿ, ಮೇಕೆ ಕಾಲಿಡದ ಕುರುಚಲು ಕಾಡೇ ಇಲ್ಲ, ಕುರಿಯ ಹಿಕ್ಕೆಯನ್ನೆಲ್ಲ ಕೊಂಡುಕುರಿಯ ಲೆಕ್ಕಕ್ಕೆ ಬರೆದುಕೊಂಡು ಬರುತ್ತೀರಿ ಎಂಬುದು ಅವರ ಆಕ್ಷೇಪವಾಗಿತ್ತು. ಒಬ್ಬ ಹಿರಿಯರಂತೂ ಈ ಕೆಲಸಕ್ಕೆ ಒಂದು ರೂಪಾಯಿಯನ್ನೂ ಇಡಬಾರದೆಂದು ಟಿಪ್ಪಣಿಯಲ್ಲೇ ಬರೆದರು. ಈಗ ಒಂದಕ್ಕಿಂತ ಹೆಚ್ಚು ಬೇಸಿಗೆಗಳ ಕ್ಯಾಮೆರಾ ಚಿತ್ರಗಳು ನನ್ನ ಹಿಕ್ಕೆಗುಡ್ಡೆಗಳ ನಕ್ಷೆಯೊಂದಿಗೆ ತಾಳೆಯಾಗಿರುವುದರಿಂದ, ಒಣಕಾಡುಗಳಲ್ಲಿ ಇದೇ ಕೆಲಸ ಮಾಡುತ್ತಿರುವ ಸಹೋದ್ಯೋಗಿಗಳಿಗೆ ಉಪಯೋಗವಾಗಲೆಂದು ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಬಹುಮಟ್ಟಿಗೆ ನೆನಪಿನಿಂದ ಕೊಟ್ಟಿದ್ದೇನೆ.

2011ರಲ್ಲಿ ಘೋಷಣೆಯಾದ ಈ ವನ್ಯಧಾಮದ ವಿಸ್ತೀರ್ಣ 77 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಲೈನ್ ಟ್ರಾನ್ಸೆಕ್ಟ್ (ನೇರ ಗೆರೆಗಳ ಮೇಲೆ ನಡೆದು ಕಂಡ ಪ್ರಾಣಿಗಳನ್ನು ಎಣಿಸುವ ಕ್ರಮ) ಹಾಕುವುದಕ್ಕೆ ಇದು ಸಾಕಷ್ಟು ದೊಡ್ಡದೇ, ನಾವೂ ಮೊದಲು ಅದನ್ನೇ ಮಾಡಿದೆವು. ದಿಕ್ಸೂಚಿ, ದೂರ ಅಳೆಯುವ ರೇಂಜ್ ಫೈಂಡರ್, ದಾಖಲೆ ಹಾಳೆಗಳನ್ನು ಹಿಡಿದು ಬೆಳಗಿನ ಜಾವ ಗೆರೆ ಬಿಡದೆ ನಡೆದೆವು. ಗೆರೆಯಿಂದ ಪ್ರಾಣಿ ಎಷ್ಟು ದೂರವಿತ್ತು ಎಂಬುದರಿಂದ ಸಂಖ್ಯೆ ಅಂದಾಜಿಸುವ ಡಿಸ್ಟೆನ್ಸ್ ಸಾಂಪ್ಲಿಂಗ್ ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ 60ರಿಂದ 80ರಷ್ಟಾದರೂ ದರ್ಶನಗಳು ಬೇಕೆಂಬುದು ಎಲ್ಲರಿಗೂ ತಿಳಿದದ್ದು. ಇಡೀ ಋತುವಿನಲ್ಲಿ ನಮಗೆ ಸಿಕ್ಕ ಕೊಂಡುಕುರಿಗಳು ಹತ್ತರ ಒಳಗೇ ಇದ್ದವು, ಅವುಗಳಲ್ಲೂ ಅರ್ಧದಷ್ಟು ಬಂದರಿಕೆ ಪೊದೆಯಿಂದ ಎದ್ದು ಓಡುವ ಬೆನ್ನು ಮಾತ್ರ. ಒಂಟಿಯಾಗಿ ಬದುಕುವ, ಭುಜದ ಎತ್ತರ ಎರಡಡಿಯ ಆಸುಪಾಸಿನಲ್ಲಿರುವ, ಹೆಜ್ಜೆಯ ಸದ್ದಿಗೆ ಬಾದೆ ಹುಲ್ಲಿನಲ್ಲಿ ಮುದುಡಿ ಕೂರುವ ಪ್ರಾಣಿಯನ್ನು ಎದುರುಗೊಂಡು ಎಣಿಸುವುದು ಈ ನೆಲದಲ್ಲಿ ಆಗದ ಮಾತು. ಕೂಲಿ, ಜೀಪಿನ ಡೀಸೆಲ್, ಊಟ ಎಲ್ಲ ಸೇರಿ ಆ ಋತುವಿಗೆ ಎರಡು ಲಕ್ಷಕ್ಕೂ ಮೇಲೆ ಖರ್ಚಾಯಿತು, ವರದಿಯಲ್ಲಿ ಬರೆಯಲು ಒಂದು ಸಂಖ್ಯೆಯೂ ಹುಟ್ಟಲಿಲ್ಲ.

ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ ಎಂಬುದು ಪುಸ್ತಕ ಓದಿದ ಎಲ್ಲರಿಗೂ ಗೊತ್ತು. ಆದರೆ ಕುರಿಗಳ ಸೀಮೆಯಲ್ಲಿ ಅದನ್ನು ಗುರುತಿಸುವ ದಾರಿ ನನಗೆ ತಿಳಿದದ್ದು ಕಾಡಂಚಿನ ಕುರಿಹಟ್ಟಿಯ ಒಬ್ಬ ಅಜ್ಜನಿಂದ. "ಕುರಿ ನಡೀತಾ ನಡೀತಾ ಉದುರಿಸ್ಕೊಂಡು ಹೋಗ್ತಾವೆ ಸಾರ್, ಕೊಂಡುಕುರಿ ಹಂಗಲ್ಲ, ಬಂದು ನಿಂತು ಹಾಕ್ತೈತೆ, ನಾಳೆ ಮತ್ತೆ ಅಲ್ಲಿಗೇ ಬರ್ತೈತೆ" ಎಂದು ಅವರು ಹೇಳಿದರು. "ಹಂಗಾದ್ರೆ ಅಜ್ಜ, ಮಧ್ಯಾಹ್ನ ಕುರಿ ನೆರಳಿಗೆ ನಿಂತ ಕಡೆ ಗುಡ್ಡೆ ಬೀಳಲ್ವಾ?" ಎಂದು ಕೇಳಿದೆ. "ಬೀಳ್ತೈತೆ, ಆದ್ರೆ ಅವು ತುಳಿದು ಹಾಕಿರ್ತಾವೆ. ಬಗ್ಗಿ ನೋಡ್ರಿ, ತಿಳೀತೈತೆ" ಎಂದು ತಮ್ಮ ಕೋಲಿನಿಂದಲೇ ಒಂದು ಗುಡ್ಡೆಯನ್ನು ಕೆದಕಿ ತೋರಿಸಿದರು. ನಮ್ಮ ಇಡೀ ಪದ್ಧತಿಗೆ ಆ ಮಾತೇ ತಳಹದಿ. ಅವರನ್ನೂ ಅವರ ಅಣ್ಣನ ಮಗನನ್ನೂ ಆ ಬೇಸಿಗೆಯಿಂದಲೇ ದಿನಗೂಲಿಯ ಮೇಲೆ ತಂಡಕ್ಕೆ ಸೇರಿಸಿಕೊಂಡೆ.

ಒಂದು ನಿಜವಾದ ಹಿಕ್ಕೆಗುಡ್ಡೆ ಹೇಗಿರುತ್ತದೆಂದು ಹೇಳುತ್ತೇನೆ. ಕಾರೆ ಗಿಡದ ಬುಡದಲ್ಲೋ ದಾರಿ ಕವಲೊಡೆಯುವ ಕಡೆಯೋ ಒಂದು ಮೊರದ ಅಗಲಕ್ಕೆ ನೆಲ ಕಪ್ಪಾಗಿ ಕಾಣುತ್ತದೆ. ಮೇಲಿನ ಪದರದ ಹಿಕ್ಕೆ ಎಣ್ಣೆ ಸವರಿದಂತೆ ಹೊಳೆಯುತ್ತಿರುತ್ತದೆ, ಒಂದು ತುದಿ ಚೂಪು, ಇನ್ನೊಂದು ತುದಿ ತುಸು ತಗ್ಗು. ಅದರ ಕೆಳಗಿನದು ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೂ ಕೆಳಗಿನದನ್ನು ಬೆರಳಿನಲ್ಲಿ ಒತ್ತಿದರೆ ಬೂದು ಪುಡಿಯಾಗುತ್ತದೆ, ತಳದಲ್ಲಿ ಗೆದ್ದಲಿನ ಮಣ್ಣು ಅಂಟಿರುತ್ತದೆ. ಹೀಗೆ ಬೇರೆ ಬೇರೆ ವಯಸ್ಸಿನ ಪದರಗಳು ಒಂದರ ಮೇಲೊಂದು, ತುಳಿತವಿಲ್ಲದೆ, ಒಂದೇ ಜಾಗದಲ್ಲಿ ಇರುವುದು ಕೊಂಡುಕುರಿಯ ಗುರುತು. ಮಂದೆ ನಿಂತ ನೆರಳಿನಲ್ಲಿ ಹಿಕ್ಕೆಯ ವಯಸ್ಸು ಒಂದೇ ಆಗಿರುತ್ತದೆ, ಗೊರಸಿಗೆ ಸಿಕ್ಕು ಅಪ್ಪಚ್ಚಿಯಾಗಿರುತ್ತದೆ, ಉಚ್ಚೆಯ ವಾಸನೆ ಗಾಢವಾಗಿರುತ್ತದೆ, ಸುತ್ತಲಿನ ಮುಳ್ಳುಗಳಲ್ಲಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿರುತ್ತವೆ. ಅನುಮಾನ ಬಂದ ಗುಡ್ಡೆಗಳನ್ನು ನಾವು ಲೆಕ್ಕಕ್ಕೆ ಸೇರಿಸದೆ ಬಿಟ್ಟೆವು. ಮಂದೆಯೇ ನಡೆದುಹೋದ ಹಳೆಯ ಗುಡ್ಡೆಯನ್ನೂ ಖಚಿತವಾಗಿ ಗುರುತಿಸುವ ಇನ್ನೊಂದು ಉಪಾಯವನ್ನು ಆ ಅಜ್ಜ ಹೇಳಿಕೊಟ್ಟಿದ್ದಾರೆ. ಕಳ್ಳಬೇಟೆಗಾರರು ಉರುಳು ಹಾಕುವುದಕ್ಕೂ ಅದೇ ಉಪಾಯ ಸಾಕಾಗುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಗುಡ್ಡೆಗಳು ಕಾಡಿನ ಯಾವ ಗಸ್ತಿನಲ್ಲಿ (ಕಾವಲಿನ ವಿಭಾಗದಲ್ಲಿ) ಹೆಚ್ಚಿವೆ ಎಂಬುದನ್ನೂ ಬರೆಯುವುದಿಲ್ಲ.

ಗುಡ್ಡೆಗಳಿಗೆ ಗುರುತು ಹಾಕುವುದರಲ್ಲಿ ಬಹಳ ದಿನ ಕಳೆದುಹೋಯಿತು. ಮೊದಲು ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆಗಳನ್ನು ಮೊಳೆ ಹೊಡೆದು ನಿಲ್ಲಿಸಿದೆವು, ತಿಂಗಳೊಳಗೆ ಮುಕ್ಕಾಲು ಪಾಲು ಕಾಣೆಯಾದವು. ಆಮೇಲೆ ಕಲ್ಲಿಗೆ ಬಿಳಿ ಬಣ್ಣ ಬಳಿದೆವು, ಹಾಗೆ ಬಳಿದ ಹಲವು ಗುಡ್ಡೆಗಳಿಗೆ ಪ್ರಾಣಿ ಬರುವುದೇ ಕಡಿಮೆಯಾಯಿತು. ಜಿಪಿಎಸ್ ಒಂದನ್ನೇ ನೆಚ್ಚಿಕೊಂಡರೆ ಅದರ ತಪ್ಪಳತೆ ಕೆಲವು ಮೀಟರ್ ಇರುವುದರಿಂದ ಅಕ್ಕಪಕ್ಕದ ಎರಡು ಗುಡ್ಡೆಗಳು ಕಲಸಿಹೋಗುತ್ತವೆ. ಕೊನೆಗೆ ಜಿಪಿಎಸ್ ಬಿಂದುವಿನ ಜೊತೆಗೆ ಗುಡ್ಡೆಯಿಂದ ಹತ್ತು ಹೆಜ್ಜೆ ದೂರದ ಮರವೊಂದರ ದಿಕ್ಕನ್ನು ಬರೆದುಕೊಂಡು, ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವ ಕ್ರಮಕ್ಕೆ ಬಂದೆವು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಇವತ್ತಿಗೂ ಅದೇ ನಡೆಯುತ್ತಿದೆ.

ವನ್ಯಧಾಮದ ನಕ್ಷೆಯ ಮೇಲೆ ಒಂದು ಚದರ ಕಿಲೋಮೀಟರಿನ ಚೌಕಗಳನ್ನು ಹಾಕಿ, ಅಂಚಿನ ತುಂಡುಗಳಲ್ಲಿ ತೀರಾ ಚಿಕ್ಕವನ್ನು ಬಿಟ್ಟು, ಪ್ರತಿ ಚೌಕಕ್ಕೂ ಬೇರೆ ಬೇರೆ ಜೋಡಿ ಸಿಬ್ಬಂದಿಯನ್ನು ಹಲವು ಸಲ ಕಳುಹಿಸಿದೆ. ಹಿಂದಿನವರ ಹಾಳೆಯನ್ನು ಮುಂದಿನವರು ನೋಡಬಾರದೆಂಬುದೊಂದೇ ಕಟ್ಟುನಿಟ್ಟಿನ ನಿಯಮವಾಗಿತ್ತು. ಇದ್ದ ಗುಡ್ಡೆ ಕಣ್ತಪ್ಪುವ ಸಾಧ್ಯತೆ ಎಷ್ಟು ಎಂಬುದು ತಿಳಿಯದೆ ಆಕ್ಯುಪೆನ್ಸಿ (ಎಷ್ಟು ಚೌಕಗಳಲ್ಲಿ ಪ್ರಾಣಿಯಿದೆ ಎಂಬ) ಲೆಕ್ಕಕ್ಕೆ ಅರ್ಥವಿಲ್ಲವೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ನನಗೆ ನೆನಪಿರುವಂತೆ ನಮ್ಮ ಪತ್ತೆ ಸಂಭಾವ್ಯತೆ, ಅಂದರೆ ಇದ್ದ ಗುಡ್ಡೆ ಕಣ್ಣಿಗೆ ಬೀಳುವ ಸಾಧ್ಯತೆ, ಮೊದಲ ಸುತ್ತಿನಲ್ಲಿ 0.3ರ ಹತ್ತಿರವಿತ್ತು, ಕುರಿಗಾಹಿಗಳು ಪ್ರತಿ ಜೋಡಿಯಲ್ಲೂ ಸೇರಿಕೊಂಡ ಮೇಲೆ 0.6 ದಾಟಿತು. ಪದವಿ ಪಡೆದು ಬಂದ ಹುಡುಗರಿಗೂ ಕುರಿ ಮೇಯಿಸಿದ ಕಣ್ಣಿಗೂ ಇರುವ ಈ ಅಂತರವನ್ನು ಅಂಕಿಯಲ್ಲಿ ತೋರಿಸಿದವನು ನಮ್ಮ ಭಾಗದಲ್ಲಿ ನಾನೇ ಮೊದಲಿರಬೇಕು.

ಇನ್ನು ಕ್ಯಾಮೆರಾಗಳ ವಿಷಯ. ಹಣದ ಬಹುಪಾಲು ಇಲ್ಲಿಯೇ ಹೋಗಿದೆ. ಒಂದೊಂದಕ್ಕೆ ಸುಮಾರು ಹದಿನೈದು ಸಾವಿರ ರೂಪಾಯಿಯಂತೆ ಪ್ರಾಣಿ ಎದುರು ಬಂದಾಗ ತಾನಾಗಿ ಚಿತ್ರ ತೆಗೆಯುವ ಹತ್ತೊ ಹನ್ನೆರಡೊ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಖರೀದಿಸಿದ್ದೆವು. ಮೊದಲ ಬೇಸಿಗೆಯಲ್ಲೇ ಮೂರು ಕಳುವಾದವು, ಒಂದನ್ನು ಕರಡಿ ಕಿತ್ತು ಅಗಿದು ಹಾಕಿತು, ಇನ್ನೊಂದರ ಒಳಗೆ ಇರುವೆ ಗೂಡು ಕಟ್ಟಿ ಸರ್ಕ್ಯೂಟ್ ಹಾಳಾಯಿತು. ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕಬ್ಬಿಣದ ತಗಡಿನ ಪೆಟ್ಟಿಗೆ ಮಾಡಿಸಿದೆ, ಒಂದಕ್ಕೆ ಆರುನೂರು ರೂಪಾಯಿ ಬಿತ್ತು. ಮಾರುಕಟ್ಟೆಯಲ್ಲಿ ಸಿಗುವ ಕಂಪನಿ ಪೆಟ್ಟಿಗೆಗೆ ಆಗ ಅದರ ನಾಲ್ಕರಷ್ಟು ಬೆಲೆಯಿತ್ತು, ಬಾಳಿಕೆಯಲ್ಲಿ ನನ್ನದೇ ಮೇಲು. ಪೆಟ್ಟಿಗೆಯನ್ನು ಕಾಣದಂತೆ ಕೂರಿಸುವ ಬಗೆ ನನ್ನ ತಂಡದಲ್ಲೇ ಉಳಿಯಲಿ, ಆ ಬಗೆಯನ್ನು ಹಿಡಿದ ಮೇಲೆ ಒಂದೂ ಕಳುವಾಗಿಲ್ಲ ಎಂದಷ್ಟೇ ಹೇಳಬಲ್ಲೆ.

ಬ್ಯಾಟರಿಯ ಖರ್ಚನ್ನು ಯಾರೂ ಮೊದಲೇ ಅಂದಾಜು ಮಾಡುವುದಿಲ್ಲ. ಒಂದು ಕ್ಯಾಮೆರಾಗೆ ಎಂಟು ಸೆಲ್ ಬೇಕು, ಹುಲ್ಲು ಅಲುಗಾಡಿ ಸಾವಿರಾರು ವ್ಯರ್ಥ ಚಿತ್ರಗಳು ಬಂದರೆ ಅವು ಹತ್ತು ಹದಿನೈದು ದಿನಕ್ಕೇ ಬರಿದಾಗುತ್ತವೆ. ಚಾರ್ಜ್ ಮಾಡಬಹುದಾದ ಸೆಲ್‌ಗಳಿಗೆ ಬದಲಾಯಿಸಿದ ಮೇಲೆ ಒಂದು ಋತುವಿಗೆ ಇಪ್ಪತ್ತು ಸಾವಿರದಷ್ಟು ಉಳಿಯಿತು. ಆದರೆ ಅವುಗಳ ವೋಲ್ಟೇಜು 1.2 ಮಾತ್ರ ಇರುವುದರಿಂದ ಕೆಲವು ಮಾದರಿಗಳಲ್ಲಿ ರಾತ್ರಿಯ ಫ್ಲ್ಯಾಷ್ ದೂರಕ್ಕೆ ಎಟಕುವುದಿಲ್ಲ. ಅದಕ್ಕಾಗಿ ಗುಡ್ಡೆಯಿಂದ ಮೂರು ನಾಲ್ಕು ಮೀಟರ್ ಅಂತರದಲ್ಲೇ, ನೆಲದಿಂದ ಮೊಣಕಾಲೆತ್ತರದಲ್ಲಿ, ಉತ್ತರಕ್ಕೆ ಮುಖಮಾಡಿ ಕೂರಿಸುತ್ತೇವೆ. ಹುಲಿಗಣತಿಯ ಅಭ್ಯಾಸದಲ್ಲಿ ದಾರಿಯ ಇಕ್ಕೆಲಗಳಲ್ಲಿ ಜೋಡಿ ಕ್ಯಾಮೆರಾ ಹಾಕುವವರು ಇಲ್ಲಿ ಹಾಗೆ ಮಾಡಿದರೆ ಹಣ ಪೋಲಾಗುತ್ತದೆ. ಹುಲಿಯ ಪಟ್ಟೆಯಂತೆ ಕೊಂಡುಕುರಿಯನ್ನು ಒಂದೊಂದಾಗಿ ಗುರುತಿಸುವ ಮೈಗುರುತು ಇಲ್ಲ. ಕಾಲಿನ ಮುಂಭಾಗದ ಕಪ್ಪು ಗೆರೆ ಕಂಡರೆ ಜಾತಿ ಖಚಿತವಾಗುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಹೋತಕ್ಕೆ ನಾಲ್ಕು ಕೊಂಬು ಎಂದು ಹೊಸ ಸಿಬ್ಬಂದಿ ಹುಡುಕುತ್ತಾರೆ, ಆದರೆ ದಕ್ಷಿಣದ ಹೋತಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಬರಿಯ ಮೊಟುಕಾಗಿರುತ್ತದೆ, ರಾತ್ರಿಯ ಕಪ್ಪುಬಿಳುಪು ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ಇದಲ್ಲದೆ ಏಪ್ರಿಲ್ ಮಧ್ಯಾಹ್ನದಲ್ಲಿ ನೆಲದ ಕಾವೂ ಪ್ರಾಣಿಯ ಮೈಕಾವೂ ಸಮವಾಗುವುದರಿಂದ ಶಾಖದ ವ್ಯತ್ಯಾಸವನ್ನು ಹಿಡಿಯುವ ಸೆನ್ಸರ್ ಕಣ್ಣು ಮುಚ್ಚಿಕೊಂಡಿರುತ್ತದೆ. ಹಗಲು ಚಿತ್ರ ಬಂದಿಲ್ಲವೆಂದು ಪ್ರಾಣಿ ಹಗಲು ಓಡಾಡುವುದಿಲ್ಲ ಎಂದು ಬರೆದ ವರದಿಗಳನ್ನು ನಾನು ನೋಡಿದ್ದೇನೆ. ನಾವು ಅದೇ ಜಾಗದಲ್ಲಿ ಕ್ಯಾಮೆರಾವನ್ನು ಐದು ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಸಮಯಕ್ಕೆ ಹೊಂದಿಸಿ ಇಟ್ಟಾಗ ಬಿಸಿಲಿನ ಹೊತ್ತಿನಲ್ಲೂ ಪ್ರಾಣಿ ಸಿಕ್ಕಿತು.

ಹಿಕ್ಕೆ ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆಗೆ ಪ್ರತ್ಯೇಕವಾಗಿ ಒಂದು ಪ್ರಯೋಗವನ್ನೇ ಮಾಡಬೇಕಾಯಿತು. ಹಸಿ ಹಿಕ್ಕೆಯನ್ನು ಬಯಲಿನಲ್ಲಿ, ನೆರಳಿನಲ್ಲಿ, ಕಲ್ಲುನೆಲದಲ್ಲಿ ಗುರುತು ಮಾಡಿ ಬಿಟ್ಟು ಪ್ರತಿವಾರ ನೋಡುತ್ತಾ ಹೋದೆವು. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಕರಗಿಹೋಯಿತು. ಜನವರಿಯ ನಂತರ ಕಲ್ಲುನೆಲದ ಮೇಲೆ ಬಿದ್ದದ್ದು ತಿಂಗಳುಗಟ್ಟಲೆ ಉಳಿಯಿತು, ಆದರೆ ಕೆಮ್ಮಣ್ಣಿನ ನೆರಳಿನಲ್ಲಿ ಬಿದ್ದದ್ದನ್ನು ಗೆದ್ದಲು ಬೇಗ ತಿಂದು ಮುಗಿಸಿತು. ಆದ್ದರಿಂದ ನಮ್ಮ ಸಮೀಕ್ಷೆ ಈಗ ಜನವರಿಯಿಂದ ಮಾರ್ಚ್ ನಡುವೆ, ಎಲೆ ಉದುರಿ ನೆಲ ಕಾಣುವ ಹೊತ್ತಿನಲ್ಲಿ, ಕಾಳ್ಗಿಚ್ಚಿನ ಭಯ ಹೆಚ್ಚುವ ಮೊದಲು ಮುಗಿಯುತ್ತದೆ. ನೆಲದ ಬಗೆಗೆ ತಕ್ಕಂತೆ ಲೆಕ್ಕ ಹೊಂದಿಸದೆ ಹಿಕ್ಕೆಯ ರಾಶಿಯಿಂದ ಪ್ರಾಣಿಯ ಸಂಖ್ಯೆ ತೆಗೆಯುವವರನ್ನು ನಾನು ನಂಬುವುದಿಲ್ಲ. ನಾನು ತೆಗೆಯುವುದು ಎಷ್ಟು ಚೌಕಗಳಲ್ಲಿ ಪ್ರಾಣಿ ನೆಲೆಸಿದೆ ಎಂಬುದನ್ನು ಮಾತ್ರ.

ಡ್ರೋನಿಗೆ ಶಾಖದ ಕ್ಯಾಮೆರಾ ಕಟ್ಟಿ ಹಾರಿಸಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯುತ್ತದೆಂದು ಸಲಹೆ ಬಂದಿತ್ತು. ದಿನಕ್ಕೆ ಹನ್ನೆರಡು ಸಾವಿರ ಬಾಡಿಗೆ ಕೊಟ್ಟು, ಅನುಮತಿ ಪತ್ರಗಳಿಗೆ ತಿಂಗಳುಗಟ್ಟಲೆ ಅಲೆದು ಅದನ್ನೂ ಮಾಡಿ ನೋಡಿದೆ. ಹಗಲೆಲ್ಲ ಕಾದ ಬಂಡೆಗಳು ನಡುರಾತ್ರಿ ದಾಟಿದರೂ ಬೆಳ್ಳಗೆ ಹೊಳೆಯುತ್ತಿದ್ದವು, ಅವುಗಳ ನಡುವೆ ಇಪ್ಪತ್ತು ಕಿಲೋ ತೂಕದ ಪ್ರಾಣಿಯನ್ನು ಮೊಲದಿಂದಲೂ ಮೇಕೆಯಿಂದಲೂ ಬೇರ್ಪಡಿಸಲಾಗಲಿಲ್ಲ. ಬೆಳಗಿನ ನಾಲ್ಕರಿಂದ ಆರರವರೆಗಿನ ಹೊತ್ತು ಮಾತ್ರ ತಕ್ಕಮಟ್ಟಿಗೆ ಉಪಯೋಗಕ್ಕೆ ಬಂತು. ಬಯಲಿನ ಕೃಷ್ಣಮೃಗಕ್ಕೆ ಇದು ಹೊಂದಬಹುದು, ಕುರುಚಲು ಕಾಡಿಗೆ ಹೊಂದುವುದಿಲ್ಲ.

ಡಿಎನ್ಎ ಪರೀಕ್ಷೆಯ ಕಥೆ ಬೇರೆ. ಆಕ್ಷೇಪ ಎತ್ತಿದವರ ಬಾಯಿ ಮುಚ್ಚಿಸಲು ಅದೊಂದೇ ದಾರಿಯಿತ್ತು. ಕೊಂಡುಕುರಿಯ ಹತ್ತಿರದ ನೆಂಟ ನೀಲಗಾಯಿ. ಕುರಿ, ಮೇಕೆಗಳ ವಂಶವೇ ಬೇರೆಯಾದ್ದರಿಂದ ಮಾದರಿ ಚೆನ್ನಾಗಿದ್ದರೆ ಜಾತಿ ಬೇರ್ಪಡಿಸುವುದು ಕಷ್ಟವಲ್ಲ. ಒಂದು ಮಾದರಿಗೆ ಎರಡು ಸಾವಿರದ ಆಸುಪಾಸು ಕೊಟ್ಟು ಕಳುಹಿಸಿದ ಮೊದಲ ಕಂತಿನಲ್ಲಿ ಮುಕ್ಕಾಲು ಪಾಲು ಫಲಿತಾಂಶವಿಲ್ಲದೆ ವಾಪಸು ಬಂತು, ಪ್ರಯೋಗಾಲಯದವರು ಹಣವನ್ನು ಮಾತ್ರ ಪೂರ್ತಿ ತೆಗೆದುಕೊಂಡರು. ಬಿಸಿಲು ತಾಗಿದ ಹಿಕ್ಕೆಯಲ್ಲಿ ಡಿಎನ್ಎ ಮುರಿದುಹೋಗಿರುತ್ತದೆ. ಎರಡನೆಯ ಕಂತಿಗೆ ಹಿಂದಿನ ಸಂಜೆಯೇ ಗುಡ್ಡೆಯ ಮೇಲ್ಭಾಗವನ್ನು ಗುಡಿಸಿಟ್ಟು, ಸೂರ್ಯ ಏಳುವ ಮೊದಲು ಹೋಗಿ, ಹೊಳಪು ಆರದ ಹಿಕ್ಕೆಯನ್ನು ಮಾತ್ರ ಕಡ್ಡಿಯಿಂದ ಎತ್ತಿ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಗೆ ಹಾಕಿದೆವು. ಬೇಕೆಂದೇ ಹಟ್ಟಿಯ ಮೇಕೆಯ ಹಿಕ್ಕೆಯನ್ನೂ ಸಂಖ್ಯೆ ಬದಲಿಸಿ ನಡುವೆ ಸೇರಿಸಿದ್ದೆ. ಈ ಸಲ ಹತ್ತರಲ್ಲಿ ಎಂಟು ಮಾದರಿಗಳಿಗೆ ಉತ್ತರ ಬಂತು. ಉತ್ತರ ಬಂದ ಮೇಕೆಯ ಮಾದರಿಗಳೆಲ್ಲ ಮೇಕೆಯೆಂದೇ ಬಂದವು, ನಮ್ಮ ತಂಡ ಕೊಂಡುಕುರಿಯೆಂದು ಬರೆದಿದ್ದವುಗಳಲ್ಲಿ ಒಂದು ಮಾತ್ರ ತಪ್ಪಾಗಿತ್ತು. ಆ ಹಾಳೆಯನ್ನು ಮುಂದಿಟ್ಟ ಮೇಲೆ, ರೂಪಾಯಿ ಇಡಬಾರದೆಂದು ಬರೆದಿದ್ದ ಹಿರಿಯರೇ ಮುಂದಿನ ವರ್ಷದ ಅಂದಾಜಿಗೆ ಸಹಿ ಹಾಕಿದರು.

ಈಗ ಒಂದು ಪೂರ್ತಿ ಸುತ್ತಿಗೆ, ಡಿಎನ್ಎ ಬಿಟ್ಟು, ತೊಂಬತ್ತು ಸಾವಿರದ ಒಳಗೆ ಮುಗಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿಗಾಹಿಗಳ ಕೂಲಿಗೆ ಹೋಗುತ್ತದೆ, ಹೋಗಲೇಬೇಕು. ಅವರ ಹೆಸರಿನಲ್ಲಿ ಬಿಲ್ಲು ಮಾಡುವುದಕ್ಕೆ ಲೆಕ್ಕಶೀರ್ಷಿಕೆ ಇಲ್ಲವೆಂದು ಮೊದಲು ತಕರಾರು ಬಂತು. ಬೆಂಕಿ ಕಾವಲಿನ ದಿನಗೂಲಿಗೆ ಅವರನ್ನು ತೆಗೆದುಕೊಂಡು, ಬೆಂಕಿಗೆರೆ ಕಾಯುವ ದಾರಿಯಲ್ಲೇ ಚೌಕಗಳನ್ನೂ ನಡೆಯುವಂತೆ ಮೇಲಧಿಕಾರಿಗಳಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆ ಆ ತಕರಾರು ಬಗೆಹರಿಯಿತು. ಬರುವ ಜನವರಿಯಲ್ಲಿ ಇದೇ ಚೌಕಗಳ ಕ್ರಮವನ್ನು ಚಿತ್ರದುರ್ಗದ ಜೋಗಿಮಟ್ಟಿ ವನ್ಯಧಾಮದಲ್ಲಿ ಹೂಡುವ ಯೋಚನೆಯಿದೆ. ಅಲ್ಲಿ ಮಳೆ ಹೆಚ್ಚು, ಹುಲ್ಲು ಎತ್ತರ, ಗೆದ್ದಲಿನ ಕಾಟವೂ ಹೆಚ್ಚಿರಬಹುದು. ಆದ್ದರಿಂದ ಹಿಕ್ಕೆ ಉಳಿಯುವ ಅವಧಿಯನ್ನು ಅಲ್ಲಿ ಹೊಸದಾಗಿ ಅಳೆದು, ಆಮೇಲೆಯೇ ಚೌಕಗಳಿಗೆ ಜನ ಕಳುಹಿಸುತ್ತೇನೆ.