ಥೈರಾಯ್ಡ್ ಇದ್ದೂ ತೂಕ ಇಳಿಯಿತು: ನನ್ನ ಅನುಭವ

82 ಕೆಜಿ ಹತ್ತಿರ ಇದ್ದವಳು ಈಗ 69ರ ಆಸುಪಾಸಿನಲ್ಲಿದ್ದೇನೆ. ಒಂದೂವರೆ ವರ್ಷ ಹಿಡಿಯಿತು. ಇಳಿದದ್ದು ಮತ್ತೆ ಏರಿಲ್ಲ. 'ಥೈರಾಯ್ಡ್ ಇದ್ದವರಿಗೆ ತೂಕ ಇಳಿಯಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯಾ' ಅಂತ ನಮ್ಮತ್ತೆಯವರಿಂದ ಹಿಡಿದು ಓರಗಿತ್ತಿಯವರೆಗೆ ಎಲ್ಲರೂ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಥೈರಾಯ್ಡ್ ಹಾರ್ಮೋನು ಕಮ್ಮಿ ಇರುವ ತೊಂದರೆ. ಮುಂದೆ ಬರುವ ಟಿಎಸ್‌ಎಚ್ ಅಂದರೆ ಅದನ್ನು ಅಳೆಯಲು ಮಾಡಿಸುವ ರಕ್ತಪರೀಕ್ಷೆ, ಅಂಕಿ ಏರಿದಷ್ಟೂ ಹಾರ್ಮೋನು ಸಾಲುತ್ತಿಲ್ಲ ಅಂತ ಅರ್ಥ.

ಮೊದಲು ದುಡ್ಡು ಹೋದ ಲೆಕ್ಕ. ಥೈರಾಯ್ಡ್ ಡಯಟ್ ಅಂತ ಮೂರು ತಿಂಗಳ ಪ್ಯಾಕೇಜ್, ಹೆಚ್ಚುಕಮ್ಮಿ 9 ಸಾವಿರ. ಓಟ್ಸ್, ಆಲಿವ್ ಎಣ್ಣೆ, ಬೆರಿ ಹಣ್ಣು ಅಂತ ಒಂದು ಪಟ್ಟಿ ಬಂತು. ಅದೇ ಪಟ್ಟಿ ಶುಗರ್ ಇರುವ ನಮ್ಮ ನಾದಿನಿಗೂ ಬಂದಿತ್ತು! ಆಮೇಲೆ ಶೇಕ್ ಪುಡಿ, ಡಬ್ಬಿಗೆ 2 ಸಾವಿರದ ಮೇಲೆ. ಅದು ಸೋಯಾ ಪುಡಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೇ ಕುಡಿಯಿರಿ ಅಂದಿದ್ದರು. ಮಾತ್ರೆ ಮೈಗೆ ಹತ್ತಲು ಸೋಯಾ ಅಡ್ಡ ಬರುತ್ತದೆ. ಆ ಸಲ ಟಿಎಸ್‌ಎಚ್ 11 ದಾಟಿತು. ತೂಕ 2 ಕೆಜಿ ಇಳಿಯಿತು, ಪುಡಿ ಬಿಟ್ಟ ಮೇಲೆ 3 ಏರಿತು.

ನಿಜವಾಗಿ ಕೆಲಸ ಮಾಡಿದ್ದು ಮಾತ್ರೆಯ ಹೊತ್ತು. ಬೆಳಗಿನ ಜಾವ ಎದ್ದಾಗ ಬರೀ ನೀರಿನಲ್ಲಿ ಮಾತ್ರೆ. ಕಾಫಿ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ದರೆ ನಡುವೆ ನಾಲ್ಕು ಗಂಟೆ ಬೇಕು, ನಾನು ರಾತ್ರಿಗೆ ಹಾಕಿಕೊಂಡೆ. ಡೋಸ್ ಒಂದಿಷ್ಟೂ ಬದಲಾಗದೆ ಮುಂದಿನ ಟೆಸ್ಟಿನಲ್ಲಿ ಟಿಎಸ್‌ಎಚ್ 4ರ ಒಳಗೆ ಬಂತು. ಮುಖದ ಬಾವು ಹೋಗಿ 3 ಕೆಜಿ ಇಳಿಯಿತು. ಆದರೆ ಥೈರಾಯ್ಡಿನಿಂದ ಏರುವ ತೂಕವೇ ಹೆಚ್ಚುಕಮ್ಮಿ ಅಷ್ಟು, ಅದರಲ್ಲೂ ಜಾಸ್ತಿ ಪಾಲು ಮೈಯಲ್ಲಿ ನಿಲ್ಲುವ ಉಪ್ಪು ಮತ್ತು ನೀರಿನದು. ಉಳಿದ ಹತ್ತು ಕೆಜಿ ಅಡುಗೆಮನೆಯದು. ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ದಾವಣಗೆರೆ ಮನೆ, ಸಂಜೆ ಆದರೆ ಮಂಡಕ್ಕಿ ಮಿರ್ಚಿ. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಮುಗಿಯುತ್ತಿತ್ತು. ಒಂದು ಲೀಟರಿನಲ್ಲಿ 8 ಸಾವಿರ ಕ್ಯಾಲೊರಿಯ ಮೇಲಿದೆ, ನೀವೇ ಲೆಕ್ಕ ಹಾಕಿ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದೆ, ತಿಂಗಳಿಗೆ ಎರಡೇ ಲೀಟರ್ ಅಂದೆ. ಮೊದಲ ತಿಂಗಳು ಜಗಳ, ಮೂರನೆಯ ತಿಂಗಳಿಗೆ ಯಾರೂ ಕೇಳಲಿಲ್ಲ. ಮಂಡಕ್ಕಿ ಉಳಿಯಿತು, ಮಿರ್ಚಿ ವಾರಕ್ಕೊಮ್ಮೆಗೆ ಬಂತು. ಎಣ್ಣೆ ದುಡ್ಡು ಉಳಿದದ್ದರಲ್ಲಿ ಮೊಟ್ಟೆ ತಂದೆ.

ಊಟಕ್ಕೆ ಒಂದು ಜೋಳದ ರೊಟ್ಟಿ, ಒಂದು ಸೌಟು ಅನ್ನ. ಮೊದಲು ಮಡಿಕೆಕಾಳೋ ಹೆಸರುಕಾಳೋ ಪಲ್ಯ ಬಟ್ಟಲು ತುಂಬ, ಆಮೇಲೆ ರೊಟ್ಟಿ, ಕೊನೆಗೆ ಅನ್ನ ಮಜ್ಜಿಗೆ. ರಾತ್ರಿ ಹಸಿವಿಗೆ ಒಂದು ಹುರುಳಿ ಕಟ್ಟು ಮಾಡುತ್ತೇನೆ. ಅದಕ್ಕೆ ಹಾಕುವ ಪುಡಿಯ ಅಳತೆ ಮಾತ್ರ ನನ್ನಲ್ಲೇ ಇರಲಿ, ನಮ್ಮ ಓಣಿಯಲ್ಲಿ ಕೇಳಿದವರಿಗೂ ಹೇಳಿಲ್ಲ.

ಥೈರಾಯ್ಡ್ ಇದ್ದವರು ಕೋಸು ತಿನ್ನಬೇಡಿ ಅಂತಾರಲ್ವಾ? ಎರಡು ತಿಂಗಳು ಬಿಟ್ಟು ನೋಡಿದೆ, ಆಮೇಲೆ ಬೇಯಿಸಿ ವಾರಕ್ಕೆರಡು ಸಲ ತಿಂದು ನೋಡಿದೆ. ಟಿಎಸ್‌ಎಚ್‌ನಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ರಾಗಿಯ ಕಥೆ ಬೇರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮಾತ್ರೆ ನುಂಗಿದ ಕೂಡಲೇ ಅಂಬಲಿ ಕುಡಿಯುವುದು ಬೇಡ ಅನಿಸಿ ಸಂಜೆಗೆ ಹಾಕಿದೆ. ತೆಂಗಿನೆಣ್ಣೆ ಕುಡಿದರೆ ಥೈರಾಯ್ಡ್ ಹೋಗುತ್ತದೆ ಅಂದದ್ದನ್ನೂ ನೋಡಿದೆ. ಒಂದು ಕೆಜಿ ಏರಿತು, ಅಷ್ಟೆ.

ವಾಕಿಂಗ್ ಒಂದರಿಂದಲೇ ನನಗೆ ಏನೂ ಆಗಲಿಲ್ಲ. ಎರಡು ಕೈಯಲ್ಲಿ 5 ಲೀಟರ್ ನೀರಿನ ಕ್ಯಾನ್ ಹಿಡಿದು ಕೂತು ಏಳುವುದು ಶುರು ಮಾಡಿದ ಮೇಲೆ, 74ರಲ್ಲಿ ನಿಂತಿದ್ದ ಮುಳ್ಳು ಅಲ್ಲಾಡಿತು. ತೂಕ ನೋಡುವುದು ಸೋಮವಾರ ಬೆಳಿಗ್ಗೆ ಮಾತ್ರ.

ತೂಕ ಇಳಿದ ಮೇಲೆ ಡಾಕ್ಟರ್ ಮಾತ್ರೆಯನ್ನು 100 ಮೈಕ್ರೋಗ್ರಾಂನಿಂದ 88ಕ್ಕೆ ಇಳಿಸಿದರು. ನೀವಾಗಿಯೇ ಇಳಿಸಬೇಡಿ. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಟೆಸ್ಟಿಗೆ ಮೊದಲು ಡಾಕ್ಟರಿಗೆ ಹೇಳಿ, ರಿಪೋರ್ಟ್ ತಪ್ಪು ಬರಬಹುದು.